ಮಾಮಾನ ಹೊಲದ ಮೇಲೆ ಹೆಬ್ಬಾತು

ಸಂಕ್ರಾಂತಿಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಬೈನಾಕ್ಯುಲರ್ ಇಟ್ಟುಕೊಂಡಿದ್ದೆ. ನಮ್ಮ ಕೊಡೇಕಲ್ ಅಂದರೆ ಕೊಡೇಕಲ್ ಬಸವಣ್ಣ, ಕಾಲಜ್ಞಾನ. ಅಲ್ಲಿಗೆ ಹಕ್ಕಿ ನೋಡೋಕೆ ಹೋಗ್ತೀನಿ ಅಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಅವರ ಪಾಲಿಗೆ ಹಕ್ಕಿ ಇರೋದು ಸಮುದ್ರದ ದಂಡೆಯಲ್ಲಿ, ಇಲ್ಲಾಂದ್ರೆ ರಂಗನತಿಟ್ಟಿನಲ್ಲಿ. ಯಾದಗಿರಿಯಲ್ಲಿ ಇರೋದು ಬರೀ ಬಿಸಿಲು. ಸಮುದ್ರ ಇಲ್ಲ, ಒಪ್ಪಿದೆ. ಆದರೆ ಗಾಳಿ ಎದ್ದ ದಿನ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಬಂದು ನಿಂತು ನೋಡಿ. ತೆರೆಗಳು ಬಡಿಯುವ ಸದ್ದಿಗೆ ಪಕ್ಕದವರ ಮಾತು ಕೇಳಿಸಲ್ಲ.

ಈ ಸಲ ಎರಡೂ ದಿನ ಮೂಡಗಾಳಿ.

ಶನಿವಾರ ಬೈಕಿನಲ್ಲಿ ಸುರಪುರದ ಕಡೆಯ ಬೋನಾಳ ಪಕ್ಷಿಧಾಮಕ್ಕೆ ಹೋದೆ. ಸುರಪುರದ ನಾಯಕರ ಕಾಲದ ಕೆರೆ ಅದು. 1840ರ ದಶಕದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅದರ ದುರಸ್ತಿ ಮಾಡಿಸಿದ್ದ. ಆವತ್ತು ಜಂಬುಕೋಳಿಗಳೆಲ್ಲ ಜೊಂಡಿನೊಳಗೆ ಅಡಗಿದ್ದವು. ಒಂದು ನೇರಳೆ ಬಕ ಹಾರಲು ಹೋಗಿ, ಗಾಳಿಗೆ ಅಡ್ಡಡ್ಡ ಸರಿದು, ಮತ್ತೆ ಜೊಂಡಿಗೇ ಬಿತ್ತು. ಕಣ್ಣಿಗೆ ಧೂಳು ಬಿದ್ದಿದ್ದೇ ಲಾಭ :-)

ಭಾನುವಾರ ಮಾಮಾನ ಊರು. ಅವ್ವನ ತವರು ಮುದ್ದೇಬಿಹಾಳದ ಕಡೆ. ಹಳೇ ಊರು ಮುಳುಗಡೆಯಾಗಿ ಹೊಸ ಊರಿಗೆ ಬಂದವರು. ಅಣೆಕಟ್ಟು ಮುಗಿದದ್ದು 1982ರಲ್ಲಿ, ಮಾಮಾಗೆ ಆಗ ಇಪ್ಪತ್ತರ ಆಸುಪಾಸು. ಆ ಹಣ ಬಂದದ್ದೆಷ್ಟು, ಹೋದದ್ದೆಲ್ಲಿ ಅನ್ನೋದು ಮನೆಯಲ್ಲಿ ಯಾರೂ ಎತ್ತದ ವಿಷಯ.

ದಂಡೆಗೆ ಮಾಮಾನೂ ಬಂದ. ತಲೆಗೆ ಟವೆಲ್ ಬಿಗಿದು, ಬೀಡಿ ಹಚ್ಚಲು ನಾಲ್ಕು ಕಡ್ಡಿ ಖರ್ಚು ಮಾಡಿದ. ದೂರದ ದಿಬ್ಬದ ಮೇಲೆ ಇನ್ನೂರರಷ್ಟು ಪಟ್ಟೆತಲೆ ಹೆಬ್ಬಾತುಗಳು, ಎಲ್ಲವೂ ಗಾಳಿಗೆ ಎದುರಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದವು. ಬೆನ್ನು ಕೊಟ್ಟರೆ ಗಾಳಿ ಗರಿಯೊಳಗೆ ನುಗ್ಗಿ ಮೈ ತಣ್ಣಗಾಗುತ್ತೆ, ಅದಕ್ಕೇ ಹಾಗೆ. ನನ್ನ ಕೈ ನಡುಗಿ ಎಣಿಕೆ ಮೂರು ಸಲ ತಪ್ಪಿತು.

"ಎಲ್ಲಿಂದ ಬರ್ತಾವ ಇವು?" ಅಂದ ಮಾಮಾ.

ನನಗೆ ಅಷ್ಟೇ ಬೇಕಿತ್ತು. ಮಂಗೋಲಿಯಾ, ಟಿಬೆಟ್ ಅಂತ ಶುರು ಮಾಡಿದೆ. ಹಿಮಾಲಯ ದಾಟುವಾಗ ಇವು ಹಿಂದಿನಿಂದ ತಳ್ಳುವ ಮಧ್ಯಾಹ್ನದ ಗಾಳಿಗೆ ಕಾಯುವುದೇ ಇಲ್ಲವಂತೆ. ಗಾಳಿ ಶಾಂತವಾಗಿರುವ ರಾತ್ರಿಯಲ್ಲಿ, ಬೆಳಗಿನ ಜಾವದಲ್ಲಿ, ಬರೀ ರೆಕ್ಕೆ ಬಡಿದುಕೊಂಡೇ ಏರುತ್ತವೆ. ಉಪಗ್ರಹದ ಟ್ಯಾಗ್ ಹಾಕಿ ಕಂಡುಕೊಂಡು 2011ರಲ್ಲಿ ಪ್ರಕಟಿಸಿದ ಸಂಗತಿ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇವೇ ಬರೋದು, ಆ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು ಅಂತೆಲ್ಲ ಒದರಿದೆ. ಮಾಮಾ ಸುಮ್ಮನೆ ಕೇಳಿದ.

"ಬ್ಯಾಸಗಿಗೆ ಹೊಳ್ಳಿ ಹೋಗ್ತಾವು?"

"ಹ್ಞೂಂ ಮಾಮಾ, ಮರಿ ಮಾಡೋದು ಅಲ್ಲೇ."

"ತಮ್ಮೂರು ಇನ್ನೂ ಅಲ್ಲೇ ಐತಿ ಅನ್ನು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬೈನಾಕ್ಯುಲರ್ ಕೊಟ್ಟೆ. ಅದನ್ನು ಹೆಬ್ಬಾತುಗಳ ಕಡೆ ಹಿಡಿಯಲೇ ಇಲ್ಲ. ಎದುರು ದಂಡೆಯ ಗುಡ್ಡದಿಂದ ಶುರು ಮಾಡಿ ನಿಧಾನವಾಗಿ ಎಡಕ್ಕೆ ಸರಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದ. "ಆ ಗುಡ್ಡದ ಮೂಗಿಗೆ ನೇರ ಬಂದ್ರ ನಮ್ಮ ಎರಿ ಹೊಲ. ಎಂಟೆಕರೆ. ಬಿಳಿಜೋಳ ಆಳೆತ್ತರ ಬರ್ತಿತ್ತು." ಸ್ವಲ್ಪ ಹೊತ್ತು ನೋಡಿದ. "ಭಾಳ ಹತ್ರ ಕಾಣ್ತೈತಿ. ಬರೇ ನೀರ."

ಹಿನ್ನೀರಿನಲ್ಲಿ ನಾನು ಎಷ್ಟೋ ಸಲ ಹಕ್ಕಿ ನೋಡಿದ್ದೇನೆ. ಫೋಟೋ ತೆಗೆದು "ಸುಂದರ ತಾಣ" ಅಂತ ಗೆಳೆಯರಿಗೆ ಕಳಿಸಿದ್ದೂ ಉಂಟು. ನೀರಿನ ಕೆಳಗೆ ಅವ್ವ ಹುಟ್ಟಿದ ಮನೆ ಇದೆ ಅಂತ ಚಿಕ್ಕಂದಿನಿಂದ ಗೊತ್ತು. ಆದರೆ ಒಂದು ದಿನವೂ ಯಾವ ಕಡೆ ಅಂತ ಕೇಳಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಾಳಿ ಇಳಿದಿತ್ತು. ಮೇಲೆ 'ಆಂಗ್ ಆಂಗ್' ಅಂತ ಸಾಲು ಸಾಲು ಕೂಗು. ಹೆಬ್ಬಾತುಗಳು ಮೇಯೋದು ಹೆಚ್ಚಾಗಿ ರಾತ್ರಿಯೇ, ಕಡಲೆ ಅಂದರೆ ಪ್ರಾಣ. ಮಾಮಾನ ಈಗಿನ ಎರಡೆಕರೆ ಕಡಲೆ ದಂಡೆಗೆ ಹತ್ತಿ ಇದೆ. ಅರ್ಧ ರೊಟ್ಟಿ ಬಿಟ್ಟು ಎದ್ದು, ಬ್ಯಾಟರಿ ಹಿಡಿದು ಹೊರಟ. "ಏ ಅಳಿಯಾ, ಆ ಡಬ್ಬಿ ತಗೊಂಡ್ ಬಾ" ಅಂದ.

ಬೈನಾಕ್ಯುಲರ್ ಗೂಟಕ್ಕೆ ನೇತುಹಾಕಿ ಓಡಿದೆ. ಹನ್ನೊಂದು ಗಂಟೆಯವರೆಗೆ ಇಬ್ಬರೂ ಡಬ್ಬಿ ಬಡಿದೆವು.