ಕಾಲಿನ ನಾಳ, ಎದೆಯ ಕೆಲಸ

ಎಡಗೈಯನ್ನು ಕೊಂಚ ಹೊತ್ತು ಇಳಿಬಿಟ್ಟು ಅದರ ಹಿಂಬದಿಯನ್ನೊಮ್ಮೆ ನೋಡಿರಿ. ಅಲ್ಲಿ ಉಬ್ಬಿ ಕಾಣುವ ನೀಲಿ ಗೆರೆಗಳು ಅಭಿಧಮನಿಗಳು. ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳು. ಬೆರಳಿನಿಂದ ಮೆಲ್ಲನೆ ಒತ್ತಿದರೆ ಸಾಕು, ಚಪ್ಪಟೆಯಾಗುತ್ತವೆ. ಇನ್ನು ಮಣಿಕಟ್ಟಿನಲ್ಲಿ ನಾಡಿ ಹಿಡಿಯಿರಿ. ಬೆರಳನ್ನು ಎತ್ತೆತ್ತಿ ಹಾಕುವುದು ಅಪಧಮನಿ. ಹೃದಯದ ಪ್ರತಿಯೊಂದು ಬಡಿತದ ಹೊಡೆತವನ್ನೂ ತಾಳಬೇಕಾದ್ದರಿಂದ ಅದರ ಗೋಡೆ ದಪ್ಪ. ಹಿಗ್ಗಿ ಮತ್ತೆ ಕುಗ್ಗಬಲ್ಲದು.

ಅಭಿಧಮನಿಗೆ ಆ ಹೊಡೆತವಿಲ್ಲ, ಗೋಡೆಯೂ ತೆಳು. ಆದರೆ ಪಾದದಿಂದ ಎದೆಯವರೆಗೆ ರಕ್ತ ಮೇಲೇರಬೇಕಲ್ಲ? ಅದಕ್ಕಾಗಿ ಒಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಹೃದಯದ ಕಡೆಗೆ ಮಾತ್ರ ತೆರೆಯುತ್ತವೆ. ನಾವು ನಡೆದಾಗ ಮೀನಖಂಡದ ಸ್ನಾಯು ನಾಳವನ್ನು ಹಿಂಡುತ್ತದೆ, ರಕ್ತ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ತಮ್ಮ ಗ್ರಂಥದಲ್ಲಿ ತೋಳಿಗೆ ಪಟ್ಟಿ ಬಿಗಿದು ಈ ಕವಾಟಗಳ ಕೆಲಸವನ್ನು ತೋರಿಸಿಕೊಟ್ಟರು.

ಅಣ್ಣನಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾಗುವವರೆಗೆ ಇದೆಲ್ಲ ನನ್ನ ಪಾಲಿಗೆ ಪಠ್ಯಪುಸ್ತಕದ ಮಾತಾಗಿತ್ತು. "ಎದೆನೋವಿಗೆ ಕಾಲನ್ನೇಕೆ ಕೊಯ್ದರು?" ಎಂದು ಅತ್ತಿಗೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹೃದಯದ ಸ್ನಾಯುವಿಗೆ ರಕ್ತವೊದಗಿಸುವ ಅಪಧಮನಿ ಕಟ್ಟಿಕೊಂಡಾಗ, ಕಾಲಿನ ಉದ್ದನೆಯ ಅಭಿಧಮನಿಯ ತುಂಡೊಂದನ್ನು ತೆಗೆದು, ಅಡ್ಡಿಯನ್ನು ದಾಟಿಸಿ ಜೋಡಿಸುತ್ತಾರೆ. ಕಾಲಿನ ಆಳದಲ್ಲಿ ದೊಡ್ಡ ಅಭಿಧಮನಿಗಳು ಬೇರೆಯೇ ಇರುವುದರಿಂದ ಕಾಲು ಹೇಗೋ ನಿಭಾಯಿಸಿಕೊಳ್ಳುತ್ತದೆ. ಅರ್ಜೆಂಟೀನಾದ ರೆನೆ ಫವಲೊರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಈ ವಿಧಾನವನ್ನು ನೆಲೆಗೊಳಿಸಿದರು. ಆ ತುಂಡನ್ನು ತಲೆಕೆಳಗು ಮಾಡಿ ಹೊಲಿಯುವುದು ರೂಢಿ. ಇಲ್ಲವಾದರೆ ಅದರ ಕವಾಟಗಳೇ ರಕ್ತವನ್ನು ತಡೆದಾವು!

ಮೂರು ತಿಂಗಳಲ್ಲಿ ಅಣ್ಣ ಚೇತರಿಸಿಕೊಂಡರು; ಮಾತ್ರೆಗಳನ್ನೂ ಬಿಟ್ಟರು. "ಹೊಸ ಪೈಪು ಹಾಕಿದ್ದಾರೆ, ಇನ್ನೇನು?" ಎಂಬುದು ಅವರ ವಾದ. ಪೈಪೆಂಬ ಆ ಮಾತು ನನಗೆ ಸಹನೆಯಾಗಲಿಲ್ಲ. ಪೈಪಿಗೆ ಜೀವವಿಲ್ಲ, ನಾಳಕ್ಕಿದೆ. ಮೆಲ್ಲನೆ ಹರಿಯುವ ರಕ್ತಕ್ಕಾಗಿ ಹುಟ್ಟಿದ ಆ ತೆಳು ಗೋಡೆ, ಎದೆಯ ಹೊಡೆತಕ್ಕೆ ಸಿಕ್ಕೊಡನೆ ತನ್ನನ್ನು ತಾನೇ ದಪ್ಪವಾಗಿಸಿಕೊಳ್ಳತೊಡಗುತ್ತದೆ. ಮೊದಮೊದಲು ಅದು ಒಳ್ಳೆಯದೇ. ದಪ್ಪವಾಗುವುದು ಮಿತಿಮೀರಿದರೆ ಒಳದಾರಿ ಕಿರಿದಾಗುತ್ತದೆ, ಕೊಬ್ಬೂ ಅಲ್ಲಿಯೇ ಕೂರುತ್ತದೆ. ಹೀಗೆ ಜೋಡಿಸಿದ ಅಭಿಧಮನಿಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷಗಳೊಳಗೆ ಕಿರಿದಾಗುತ್ತವೆ ಅಥವಾ ಮುಚ್ಚಿಹೋಗುತ್ತವೆ. ಎದೆಗೋಡೆಯ ಒಳಗಿನಿಂದ ತಂದು ಜೋಡಿಸುವ ಅಪಧಮನಿ ಇದಕ್ಕಿಂತ ಬಹುಕಾಲ ಬಾಳುತ್ತದೆ; ಹುಟ್ಟಿನಿಂದಲೇ ಅದು ಆ ಕೆಲಸಕ್ಕೆ ಪಳಗಿದ್ದು. ಅಣ್ಣನ ಎದೆಯಲ್ಲಿ ಅಂಥದು ಒಂದು, ಕಾಲಿನಿಂದ ಬಂದವು ಎರಡು.

ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕೊಬ್ಬು ಕೂರದಂತೆ ಇನ್ನೊಂದು ಮಾತ್ರೆ: ಇವೆರಡೂ ಆ ಎರಡು ನಾಳಗಳ ಕಾವಲಿಗೆಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅಣ್ಣ ಕಾಲಿನ ಗಾಯದ ಗೆರೆಯನ್ನು ಸವರುತ್ತಾ ಸುಮ್ಮನೆ ಕುಳಿತಿದ್ದರು. ಈಗ ಮಾತ್ರೆಗಳನ್ನು ಅತ್ತಿಗೆ ಎಣಿಸಿ ಕೊಡುತ್ತಾರೆ. ಬೀಡಿಯ ವಿಷಯದಲ್ಲಿ ಮಾತುಕತೆ ಇನ್ನೂ ನಡೆದಿದೆ.