ಬೋರು ಹೊಡೆಸುವ ಹೊಡೆದಾಟ

ನ್ಯೂಜೆರ್ಸಿ ಗೊತ್ತಲ್ಲ? ಮೈಸೂರಿನ ಒಂದೊಂದು ಬೀದಿಗೂ ಅಲ್ಲೊಂದು ಶಾಖೆ ಇದೆ. ಸೊಸೆಯ ಬಾಣಂತನಕ್ಕೆ ಹೋಗಿ ಬಂದ ಅತ್ತೆಯಂದಿರು ಎಡಿಸನ್ ಊರಿನಲ್ಲಿ ಕರಿಬೇವು ಸಿಗುತ್ತದೆ, ಕೊಬ್ಬರಿ ಸಿಗುತ್ತದೆ, ಮಾತಾಡುವ ಜನ ಮಾತ್ರ ಸಿಗುವುದಿಲ್ಲ ಎಂಬ ಸುದ್ದಿಯನ್ನು ತಂದೇ ತರುತ್ತಾರೆ. ಆದರೆ ಆ ರಾಜ್ಯಕ್ಕೆ ಇನ್ನೊಂದು ಹೆಗ್ಗಳಿಕೆ ಇದೆ. ಅದನ್ನು ಯಾವ ಅತ್ತೆಯೂ ಹೇಳಿದ್ದು ನಾನು ಕೇಳಿಲ್ಲ. ಹೊಡೆದಾಟ ಯಾವಾಗ ಆಟ, ಯಾವಾಗ ನಾಟಕ ಎಂಬ ವ್ಯಾಜ್ಯ ಅಲ್ಲಿನ ಸರ್ಕಾರದ ಮುಂದೆ ಎರಡು ಸಲ ಹೋಗಿದೆ. ಎರಡು ಸಲದ ಕಕ್ಷಿದಾರರೂ ಒಬ್ಬರಿಗೊಬ್ಬರು ತದ್ವಿರುದ್ಧವಾದ ಬೇಡಿಕೆ ಇಟ್ಟಿದ್ದರು.

ಮೊದಲನೆಯದು 1989ರಲ್ಲಿ. ಡಬ್ಲ್ಯುಡಬ್ಲ್ಯುಎಫ್ ಎಂಬ ಕುಸ್ತಿ ಕಂಪನಿ ಅಲ್ಲಿನ ಸೆನೆಟ್ ಮುಂದೆ ನಿಂತು, ಸ್ವಾಮೀ, ನಮ್ಮದು ಪಂದ್ಯವಲ್ಲ, ಬರೀ ಮನರಂಜನೆ ಎಂದು ಒಪ್ಪಿಕೊಂಡಿತು. ಪಾಪಪ್ರಜ್ಞೆಯಿಂದಲ್ಲ, ಲೆಕ್ಕಾಚಾರದಿಂದ. ಪಂದ್ಯ ಎಂದಾದರೆ ಕ್ರೀಡಾ ಆಯೋಗದ ಲೈಸೆನ್ಸು, ತಪಾಸಣೆ, ತೆರಿಗೆ ಎಲ್ಲ ಬರುತ್ತದೆ. ನಾಟಕ ಎಂದರೆ ಅವು ಯಾವುವೂ ಇಲ್ಲ. ಸತ್ಯ ಹೇಳಿದರೆ ತೆರಿಗೆ ಉಳಿಯುತ್ತದೆ ಎಂದಾದರೆ ಯಾರು ತಾನೇ ಹರಿಶ್ಚಂದ್ರ ಆಗುವುದಿಲ್ಲ?

ಈ ಸುದ್ದಿ ನಮಗೆ ತಲುಪಲೇ ಇಲ್ಲ ಎನ್ನುವುದು ಬೇರೆ ಮಾತು. ಕೇಬಲ್ ಟೀವಿ ಬಂದ ಕಾಲದಲ್ಲಿ ಮೈಸೂರಿನ ಹುಡುಗರೆಲ್ಲ ಆ ಪೈಲ್ವಾನರ ಟ್ರಂಪ್ ಕಾರ್ಡು ಹಿಡಿದು ಓಡಾಡುತ್ತಿದ್ದರು. ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲವೂ ಕಾರ್ಡಿನ ಮೇಲೆ ಅಚ್ಚಾಗಿರುತ್ತಿತ್ತು. ಮಗ್ಗಿ ಬಾರದವನಿಗೂ ಅಂಡರ್‌ಟೇಕರ್ ಎಂಬ ಪೈಲ್ವಾನನ ತೋಳಿನ ಅಳತೆ ಬಾಯಿಪಾಠ. ಅವನು ಸತ್ತು ಮತ್ತೆ ಬದುಕಿ ಬಂದವನು ಎಂದು ನಂಬದವರನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ.

ಎರಡನೆಯ ಕಕ್ಷಿದಾರರು ಬಂದದ್ದು 2000ದ ಹೊತ್ತಿಗೆ. ಅವರೇ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಮಂದಿ. ಅವರದು ಉಲ್ಟಾ ಅಹವಾಲು: ನಮ್ಮನ್ನು ದಯವಿಟ್ಟು ಆಟ ಎಂದು ಒಪ್ಪಿಕೊಳ್ಳಿ, ಲೈಸೆನ್ಸು ಕೊಡಿ, ತಪಾಸಣೆ ಮಾಡಿ, ಬೇಕಾದರೆ ತೆರಿಗೆಯನ್ನೂ ಹಾಕಿ. ಅಂಥ ಗತಿ ಯಾಕೆ ಬಂತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಹೋಗೋಣ, ಅವಸರವೇನಿದೆ?

1993ರ ನವೆಂಬರ್ 12, ಕೊಲರಾಡೋದ ಡೆನ್ವರ್ ನಗರ. ಯುಎಫ್‌ಸಿ ಎಂಬ ಹೆಸರಿನಲ್ಲಿ ನಡೆದ ಮೊದಲ ಕಾಳಗ. ಬ್ರೂಸ್ ಲೀಗೂ ಮೈಕ್ ಟೈಸನ್‌ಗೂ ಜಗಳ ಬಿದ್ದರೆ ಯಾರು ಗೆಲ್ತಾರೆ ಅಂತ ನಾವು ಸ್ಕೂಲಿನ ಹಿಂಬದಿಯಲ್ಲಿ ವಾದ ಮಾಡಿಕೊಳ್ಳುತ್ತಿರಲಿಲ್ಲವೆ? ಅದೇ ಪ್ರಶ್ನೆಗೆ ಯಾರೋ ಹಣ ಹಾಕಿ ಉತ್ತರ ಹುಡುಕಲು ಹೊರಟಿದ್ದರು. ಎಂಟು ಜನ, ಎಂಟು ಮೂಲೆಯ ಜಾಲರಿಯ ಕಣ. ತೂಕದ ವಿಭಾಗವಿಲ್ಲ, ಅಂಕ ಹಾಕುವವರಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು; ಉಳಿದದ್ದು ದೇವರಿಚ್ಛೆ. ಕಣದ ಸುತ್ತ ಕಂದಕ ತೋಡಿ ಮೊಸಳೆ ಬಿಟ್ಟರೆ ಹೇಗೆ ಎಂಬ ಮಾತೂ ಬಂದಿತ್ತಂತೆ. ಯೋಜನೆಯಲ್ಲಿ ಹಾಲಿವುಡ್ಡಿನ ಸಿನಿಮಾ ನಿರ್ದೇಶಕರೊಬ್ಬರೂ ಇದ್ದರಲ್ಲ, ಅಂಥ ಕಡೆ ಮೊಸಳೆ ಬಾರದಿದ್ದರೇ ಆಶ್ಚರ್ಯ.

ಮೊದಲ ಜೋಡಿಯಲ್ಲೇ ಸುಮೋ ಪೈಲ್ವಾನನೊಬ್ಬ ಕೆಳಗೆ ಬಿದ್ದ. ಎದುರಾಳಿ ಮುಖಕ್ಕೆ ಒದ್ದ ರಭಸಕ್ಕೆ ಹಲ್ಲು ಪ್ರೇಕ್ಷಕರ ಕಡೆಗೆ ಹಾರಿತು. ಇನ್ನೊಬ್ಬ ಬಾಕ್ಸರು ಒಂದೇ ಕೈಗೆ ಗ್ಲೌಸು ಹಾಕಿಕೊಂಡು ಬಂದಿದ್ದ. ಇನ್ನೊಂದು ಕೈ ಯಾತಕ್ಕೆ ಖಾಲಿ ಬಿಟ್ಟನೋ ಎಂದು ನಾವು ತಲೆ ಕೆರೆದುಕೊಳ್ಳುವಷ್ಟರಲ್ಲಿ, ಮೈಮೇಲೆ ಏರಿ ಕೂತವನ ಕೆಳಗಿನಿಂದ ನೆಲ ಬಡಿದು ಸೋಲೊಪ್ಪಿಕೊಂಡ. ಕೊನೆಗೆ ಗೆದ್ದವನು ಬಿಳಿ ಅಂಗಿಯ, ನೋಡಲು ಬ್ಯಾಂಕ್ ಗುಮಾಸ್ತನಂತಿದ್ದ ಬ್ರೆಜಿಲಿನ ರಾಯ್ಸ್ ಗ್ರೇಸಿ. ಒಂದೇ ರಾತ್ರಿ ಮೂವರನ್ನು ನೆಲಕ್ಕೆ ಕೆಡವಿ, ಸುತ್ತಿ, ಸೋಲೊಪ್ಪಿಸಿ 50,000 ಡಾಲರ್ ತೆಗೆದುಕೊಂಡು ಹೋದ.

ಜನಕ್ಕೆ ಇಷ್ಟವಾಯಿತು. ಜನಕ್ಕೆ ಇಷ್ಟವಾದ ಮೇಲೆ ದೊಡ್ಡವರಿಗೆ ಕೋಪ ಬರಲೇಬೇಕಲ್ಲ. ಸೆನೆಟರ್ ಜಾನ್ ಮೆಕೇನ್ 1996ರಲ್ಲಿ ರಾಜ್ಯಗಳ ಗವರ್ನರುಗಳಿಗೆಲ್ಲ ಪತ್ರ ಬರೆದು, ಇದು ಮನುಷ್ಯರ ಕೋಳಿ ಅಂಕ, ನಿಲ್ಲಿಸಿ ಎಂದರು. ಮೆಕೇನರು ಬಾಕ್ಸಿಂಗಿನ ಮಹಾ ಅಭಿಮಾನಿ. ಗ್ಲೌಸು ಹಾಕಿ ತಲೆಗೇ ಗುರಿಯಿಟ್ಟು ಹನ್ನೆರಡು ಸುತ್ತು ಗುದ್ದಿದರೆ ಸುಸಂಸ್ಕೃತ, ಕತ್ತು ಅಮುಕಿದರೆ ಅನಾಗರಿಕ ಎನ್ನುವುದು ಯಾವ ನ್ಯಾಯವೋ. ಅಂತೂ ಒಂದೊಂದೇ ರಾಜ್ಯ ಬಾಗಿಲು ಹಾಕಿತು, ಕೇಬಲ್ಲಿನವರೂ ಕೈಬಿಟ್ಟರು. ಆಗ ನ್ಯೂಜೆರ್ಸಿ ಕೈ ಹಿಡಿಯಿತು. ತೂಕದ ವಿಭಾಗ, ಐದೈದು ನಿಮಿಷದ ಸುತ್ತು, ತೀರ್ಪುಗಾರರು ಎಲ್ಲ ಬಂದರು. ತಲೆಯಿಂದ ಡಿಕ್ಕಿ ಕೊಡಬಾರದು, ಹಿಂದಲೆಗೆ ಹೊಡೆಯಬಾರದು, ಜುಟ್ಟು ಹಿಡಿದು ಎಳೆಯಬಾರದು ಎಂದೆಲ್ಲ ಪಟ್ಟಿ ತಯಾರಾಯಿತು. 2001ರಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾದ ಯುಎಫ್‌ಸಿ 2016ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಕೈ ಬದಲಾಯಿಸಿತು. ನ್ಯೂಯಾರ್ಕಿನವರು ಹಾಕಿದ್ದ ನಿಷೇಧ ತೆಗೆದದ್ದೂ ಅದೇ ವರ್ಷ. ಧರ್ಮಸೂಕ್ಷ್ಮಗಳು ಕೆಲವೊಮ್ಮೆ ಹೀಗೆ ಬೆಲೆ ಏರಿದಾಗ ತಂತಾನೇ ಬಗೆಹರಿಯುತ್ತವೆ.

ಇಷ್ಟೆಲ್ಲ ಆದಮೇಲೆ, 2023ರಲ್ಲಿ ಏನಾಯಿತು ಗೊತ್ತೆ? ನಮ್ಮದು ನಾಟಕ ಎಂದು ಹಿಂದೆ ಒಪ್ಪಿಕೊಂಡಿದ್ದ ಆ ಕುಸ್ತಿ ಕಂಪನಿಯೂ, ನಮ್ಮದು ಆಟ ಎಂದು ಅಂಗಲಾಚಿದ್ದ ಯುಎಫ್‌ಸಿಯೂ ಟಿಕೆಓ ಎಂಬ ಒಂದೇ ಸಂಸ್ಥೆಯ ಸೂರಿನಡಿ ಬಂದವು.

ಈ ಕಥೆಯನ್ನು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರಿಗೆ ಹೇಳಿದಾಗ ಅವರು ತೊಡೆ ತಟ್ಟಿ ನಕ್ಕರು. ರಿಟೈರಾಗಿ ಎಷ್ಟೋ ಕಾಲವಾದರೂ ತೊಡೆ ತಟ್ಟಿದರೆ ಗರಡಿಯ ಸದ್ದೇ ಬರುತ್ತದೆ. ಕಿವಿ ಕೂಡ ಆ ಕಾಲದಲ್ಲಿ ಮುದುಡಿಕೊಂಡದ್ದು ಹಾಗೇ ಇದೆ. "ನೋಡಿದ್ರಾ, ನಾನು ಹೇಳ್ಲಿಲ್ವಾ? ಎಲ್ಲಾ ತಮಾಷೆ ಕಣ್ರೀ" ಎಂದರು. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದಲು ಬಂದು ನಿಂತಿರುವ ಅಕ್ಕನ ಮಗನಿಗೆ ಇದನ್ನು ಸಹಿಸಲಾಗಲಿಲ್ಲ. "ಇಲ್ಲಾ ಮೇಷ್ಟ್ರೇ, ತಮಾಷೆ ಆಗಿದ್ರೆ ಸಿಎಂ ಪಂಕ್ ಸೋಲ್ತಿದ್ನಾ?" ಎಂದ. ಪಂಕ್ ಎಂಬಾತ ನಾಟಕದ ಕುಸ್ತಿಯಲ್ಲಿ ಮಹಾ ಚಾಂಪಿಯನ್. 2016ರಲ್ಲಿ ಯುಎಫ್‌ಸಿಗೆ ಬಂದ. ಎರಡು ನಿಮಿಷ ಹದಿನಾಲ್ಕು ಸೆಕೆಂಡಿನಲ್ಲಿ ಮುಗಿದು ಹೋದ. "ಹಾಗಾದ್ರೆ ಅದೇ ನಾಟಕದಿಂದ ಬಂದ ಬ್ರಾಕ್ ಲೆಸ್ನರ್ 2008ರಲ್ಲಿ ಚಾಂಪಿಯನ್ ಆದ್ನಲ್ಲೋ?" ಎಂದು ನಾನು ಕಡ್ಡಿ ಗೀರಿದೆ. "ಮಾವ, ಅವನು ಮೊದಲು ಕಾಲೇಜಿನಲ್ಲಿ ನಿಜವಾದ ಕುಸ್ತಿ ಆಡಿದವನು" ಎಂದ. ಹುಡುಗ ಇಷ್ಟು ಶ್ರದ್ಧೆಯನ್ನು ಎಂ-3 ಗಣಿತದಲ್ಲಿ ತೋರಿಸಿದ್ದರೆ ಅಕ್ಕನ ಫೋನು ಬರುವಾಗಲೆಲ್ಲ ನಾನು ಬಚ್ಚಲುಮನೆಗೆ ಓಡಬೇಕಾಗಿರಲಿಲ್ಲ.

ನನಗೆ ಅನ್ನಿಸುವುದೇ ಬೇರೆ. ಒಂದು ಹೊಡೆದಾಟ ಆಟವೋ ನಾಟಕವೋ ಎಂದು ಕಂಡುಹಿಡಿಯಲು ಸುಲಭದ ಉಪಾಯವಿದೆ: ಬೋರು ಹೊಡೆಯುತ್ತದೆಯೇ ನೋಡಿ. ನಾಟಕದವನು ಬೇಸರ ಆಗಲು ಬಿಡುವುದಿಲ್ಲ, ಅದು ಅವನ ಕಸುಬು. ನಿಜವಾಗಿ ಗೆಲ್ಲಬೇಕೆಂದು ಹೊರಟವನಿಗೆ ನೋಡುವವರ ಗೊಡವೆ ಯಾಕೆ? ಯುಎಫ್‌ಸಿಯಲ್ಲಿ ಇಬ್ಬರೂ ನೆಲಕ್ಕೆ ಬಿದ್ದು, ಹಿಂಡಿಟ್ಟ ಎರಡು ಪಂಚೆ ಒಂದಕ್ಕೊಂದು ಸುತ್ತಿಕೊಂಡ ಹಾಗೆ ಬಿದ್ದುಕೊಂಡಿರುತ್ತಾರೆ. ಯಾವ ಕಾಲು ಯಾರದು ತಿಳಿಯುವುದಿಲ್ಲ. ಪ್ರೇಕ್ಷಕರು ಹೋ ಎಂದು ಕೂಗಿ ಬೈಯುತ್ತಾರೆ. ಆ ಬೈಗುಳವೇ ಸರ್ಟಿಫಿಕೇಟು.

ಇದಕ್ಕೆ ಇತಿಹಾಸದ ಪುರಾವೆಯೂ ಇದೆ. 1976ರ ಜೂನ್ 26, ಟೋಕಿಯೊದ ಬುಡೋಕಾನ್ ಸಭಾಂಗಣ. ಒಂದು ಕಡೆ ಮುಹಮ್ಮದ್ ಅಲಿ, ಇನ್ನೊಂದು ಕಡೆ ಜಪಾನಿನ ಕುಸ್ತಿಪಟು ಆಂಟೋನಿಯೊ ಇನೋಕಿ. ಪ್ರಪಂಚವೇ ಕಣ್ಣರಳಿಸಿ ಕೂತಿದೆ. ಇನೋಕಿ ಮಾಡಿದ್ದೇನು? ಗಂಟೆ ಬಾರಿಸಿದ ಕೂಡಲೇ ಹೋಗಿ ಅಂಗಾತ ಮಲಗಿಬಿಟ್ಟ. ಮಲಗಿದಲ್ಲಿಂದಲೇ ಅಲಿಯ ಕಾಲಿಗೆ ಒದೆಯುತ್ತಾ ಹೋದ. ಅಲಿಗೆ ಬಗ್ಗಿ ಗುದ್ದಿ ಅಭ್ಯಾಸವಿಲ್ಲ; ಸುತ್ತಲೂ ಕುಣಿದ, ಎದ್ದೇಳೋ ಎಂದು ಬೈದ. ಹದಿನೈದು ಸುತ್ತೂ ಇದೇ ಕಥೆ. ಅಲಿ ಹೊಡೆದ ಗುದ್ದು ಬೆರಳಲ್ಲಿ ಎಣಿಸಬಹುದು. ಪಂದ್ಯ ಡ್ರಾ. ಜನ ಕೈಗೆ ಸಿಕ್ಕಿದ್ದನ್ನು ಎಸೆದು ದುಡ್ಡು ವಾಪಸು ಕೊಡಿ ಎಂದು ಕೂಗಿದರು. ಅಲಿಯ ಕಾಲು ಮಾತ್ರ ನಿಜವಾಗಿಯೇ ಬಾತುಕೊಂಡಿತ್ತು. ಬರೆದ ನಾಟಕವಾಗಿದ್ದರೆ ಇಷ್ಟು ಕೆಟ್ಟದಾಗಿ ಯಾರೂ ಬರೆಯುತ್ತಿರಲಿಲ್ಲ.

ಇನೋಕಿ ಅಂಗಾತ ಮಲಗಿದರೆ, ಅವನಿಗಿಂತ 66 ವರ್ಷ ಮುಂಚೆ ಲಂಡನ್ನಿನಲ್ಲಿ ಇನ್ನೊಬ್ಬ ಬೋರಲು ಮಲಗಿದ್ದ. 1910ರಲ್ಲಿ ನಮ್ಮ ಗಾಮಾ ಪೈಲ್ವಾನನಿಗೆ ಎದುರಾದ ಪೋಲೆಂಡಿನ ಜಿಬಿಸ್ಕೊ. ಗಾಮಾ ಮೊದಲ ನಿಮಿಷದಲ್ಲೇ ಕೆಡವಿದ. ಬಿದ್ದವನು ಎದ್ದರೆ ತಾನೆ ಚಿತ್ ಮಾಡುವುದು? ಆತ ಹೊಟ್ಟೆಯನ್ನು ನೆಲಕ್ಕೆ ಕಚ್ಚಿಸಿಕೊಂಡು ಎರಡೂವರೆ ಗಂಟೆ ಕಳೆದ. ಮುಂದಿನ ವಾರ ಮತ್ತೆ ಪಂದ್ಯ ಎಂದು ಗೊತ್ತುಮಾಡಿದರೆ ಮನುಷ್ಯ ಪತ್ತೆಯಿಲ್ಲ! 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷವೂ ಕೊಡದೆ ಮುಗಿಸಿದ. ಹದಿನೆಂಟು ವರ್ಷದ ಹಿಂದಿನ ಆ ಎರಡೂವರೆ ಗಂಟೆ ಗಾಮಾನ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತಿದ್ದಿರಬೇಕು.

ಮಲಗಿದವರ ಮಾತು ಬಂದಮೇಲೆ ಹಳೇ ಗ್ರೀಸಿನ ಅರಿಖಿಯೋನನನ್ನು ಬಿಡುವ ಹಾಗಿಲ್ಲ. ಅವರ ಒಲಿಂಪಿಕ್ಸಿನಲ್ಲಿ ಪ್ಯಾಂಕ್ರೇಷನ್ ಎಂಬ ಕಾಳಗವಿತ್ತು, ಹೆಚ್ಚು ಕಡಿಮೆ ಇವತ್ತಿನ ಎಂಎಂಎ ಥರದ್ದೇ. ಅರಿಖಿಯೋನನ ಕತ್ತು ಎದುರಾಳಿಯ ಹಿಡಿತದಲ್ಲಿ, ಎದುರಾಳಿಯ ಕಾಲ್ಬೆರಳು ಇವನ ಕೈಯಲ್ಲಿ. ನೋವು ತಾಳದೆ ಎದುರಾಳಿ ಸೋತೆ ಎಂದು ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಅರಿಖಿಯೋನನ ಪ್ರಾಣ ಹೋಗಿತ್ತು. ಹೆಣಕ್ಕೇ ಆಲಿವ್ ಎಲೆಯ ಕಿರೀಟ ತೊಡಿಸಿದರಂತೆ.

"ಇದು ನೋಡ್ರೀ ಆಟ!" ಎಂದರು ಮೇಷ್ಟ್ರು, ಯಾಕೋ ಖುಷಿಯಾಗಿ. ಅವರಿಗೆ ಪಾಯಿಂಟ್ ಕುಸ್ತಿ ಕಂಡರಾಗದು. ದಸರಾ ಬಂದರೆ ದೊಡ್ಡಕೆರೆ ಮೈದಾನದಲ್ಲಿ ಮಾರ್ಫಿಟ್ ಕುಸ್ತಿಯೇ ಆಗಬೇಕು. ಒಬ್ಬ ಚಿತ್ ಆಗುವ ತನಕ ಮಟ್ಟಿಯಿಂದ ಏಳುವ ಹಾಗಿಲ್ಲ. ಆದರೆ ಅದಕ್ಕೆ ಮುಂಚೆ ಜೋಡಿ ಕಟ್ಟುವ ದಿನ ಇದೆಯಲ್ಲ, ಊರೂರಿನ ಉಸ್ತಾದರು ಬಂದು ಮೈಸೂರಿನ ಇಂಥ ಗರಡಿಯ ಹುಡುಗನಿಗೆ ಮಂಡ್ಯದ ಇಂಥವನೇ ಸರಿಜೋಡಿ ಎಂದು ಗದ್ದಲ ಎಬ್ಬಿಸುತ್ತಾರಲ್ಲ, ಅದನ್ನು ಏನನ್ನೋಣ? ಕುಸ್ತಿಗಿಂತ ಜೋಡಿ ಕಟ್ಟುವುದನ್ನು ನೋಡಲೇ ಮೇಷ್ಟ್ರು ಮೊದಲು ಹೋಗುತ್ತಾರೆ. ಅದು ಮನರಂಜನೆ ಅಲ್ಲವೆ ಎಂದು ಕೇಳಿದರೆ, "ಅದು ಸಂಪ್ರದಾಯ" ಎನ್ನುತ್ತಾರೆ.

ಸಂಪ್ರದಾಯ ಎಂದರೆ ವಜ್ರಮುಷ್ಟಿ ಕಾಳಗ ಹೇಳಬೇಕು. ವಿಜಯದಶಮಿಯ ಬೆಳಿಗ್ಗೆ ಅರಮನೆಯ ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಗೆ ಮುಳ್ಳಿನ ಆಯುಧ ತೊಟ್ಟು ನಿಲ್ಲುತ್ತಾರೆ. ಒಂದು ಹನಿ ರಕ್ತ ಕಂಡಿತೋ, ಕಾಳಗ ಮುಗಿಯಿತು. ಎಷ್ಟೋ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ. ಯಾರು ಗೆದ್ದರು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಬನ್ನಿ ಪೂಜೆಗೆ ಹೊತ್ತಾಯಿತು ಎಂದು ಹೊರಡುತ್ತಾರೆ. ಜಗತ್ತಿನಲ್ಲಿ ಇಂಥ ಹೊಡೆದಾಟ ಇನ್ನೆಲ್ಲಾದರೂ ಇದೆಯೇ? ಆಟವೂ ಅಲ್ಲ, ನಾಟಕವೂ ಅಲ್ಲ, ಮೆಕೇನರಿಗೆ ಗೊತ್ತಾಗಿದ್ದರೆ ಪತ್ರವನ್ನು ಯಾರ ವಿಳಾಸಕ್ಕೆ ಹಾಕುತ್ತಿದ್ದರೋ. ಮಹಾಭಾರತದಲ್ಲೂ ನೋಡಿ: ಅಡುಗೆಯವನ ವೇಷದ ಭೀಮ ವಿರಾಟನ ಊರಿನ ಉತ್ಸವದಲ್ಲಿ ಜೀಮೂತನೆಂಬ ಮಲ್ಲನನ್ನು ಕೊಂದ. ವಿರಾಟ ಸುಮ್ಮನಿದ್ದನೆ? ಆಮೇಲೆ ಅಂತಃಪುರದ ಹೆಂಗಸರು ನೋಡಲೆಂದು ಭೀಮನನ್ನು ಸಿಂಹಗಳ ಜೊತೆ ಹೋರಾಡಲು ಬಿಟ್ಟ. ಮೊಸಳೆಯ ಐಡಿಯಾ ಹೊಸದೇನಲ್ಲ ಅನ್ನಿ.

ಯುಎಫ್‌ಸಿಯವರೂ ವಿರಾಟನ ವಂಶದವರೇ. 2018ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಬ್ರೂಕ್ಲಿನ್‌ನಲ್ಲಿ ಎದುರಾಳಿಗಳಿದ್ದ ಬಸ್ಸಿಗೆ ಲಗೇಜು ಸಾಗಿಸುವ ಗಾಡಿಯನ್ನೇ ಎತ್ತಿ ಎಸೆದ. ಗಾಜು ಒಡೆಯಿತು, ಜನಕ್ಕೆ ಗಾಯವಾಯಿತು, ಪೊಲೀಸ್ ಕೇಸಾಯಿತು. ಕೆಲವು ತಿಂಗಳಲ್ಲಿ ಅದೇ ದೃಶ್ಯ ಅವನ ಮುಂದಿನ ಪಂದ್ಯದ ಜಾಹೀರಾತಿನಲ್ಲಿ! ಆ ಪಂದ್ಯದಲ್ಲಿ ದಾಗೆಸ್ತಾನದ ಖಬೀಬ್ ನಾಲ್ಕನೆಯ ಸುತ್ತಿನಲ್ಲಿ ಅವನ ಕತ್ತು ಹಿಡಿದು ಸೋಲೊಪ್ಪಿಸಿದ. ಅಷ್ಟಕ್ಕೇ ತೃಪ್ತಿಯಾಗದೆ ಜಾಲರಿ ಹಾರಿ ಮೆಕ್‌ಗ್ರೆಗರನ ಸಂಗಡಿಗನ ಮೇಲೆ ಬಿದ್ದ. ಐದು ಲಕ್ಷ ಡಾಲರ್ ದಂಡ ಬಿತ್ತು. ಒಳಗೆ ನಡೆದದ್ದು ಅಪ್ಪಟ ಆಟ. ಪಟ್ಟಿಗೆ ಪ್ರತಿಪಟ್ಟು, ತಾಳ್ಮೆ, ಲೆಕ್ಕ. ಹೊರಗೆ ನಡೆದದ್ದನ್ನು ಮಾತ್ರ ಜನ ಈಗಲೂ ಮೊಬೈಲಿನಲ್ಲಿ ತಿರುತಿರುಗಿ ನೋಡುತ್ತಾರೆ.

ಅಕ್ಕನ ಮಗ ಕೊನೆಯ ಅಸ್ತ್ರವಾಗಿ ಪೂಜಾ ತೋಮರ್ ಹೆಸರು ತೆಗೆದ. ಉತ್ತರ ಪ್ರದೇಶದ ಮುಜಫ್ಫರನಗರ ಕಡೆಯ ಹುಡುಗಿ, 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ. ಮೇಷ್ಟ್ರಿಗೆ ಆಸಕ್ತಿ ಬಂತು, "ಹೆಂಗೆ ಗೆದ್ಲು?" ಎಂದರು. ಮೂವರು ತೀರ್ಪುಗಾರರು. ಒಬ್ಬ 30-27 ಎಂದು ಮೂರೂ ಸುತ್ತು ಪೂಜಾಗೆ ಕೊಟ್ಟ. ಇನ್ನೊಬ್ಬ 27-30 ಎಂದು ಮೂರೂ ಸುತ್ತು ಬ್ರೆಜಿಲಿನ ಎದುರಾಳಿಗೆ ಕೊಟ್ಟ. ಮೂರನೆಯವನು 29-28 ಎಂದು ಪೂಜಾಳ ಕೈ ಎತ್ತಿಸಿದ. ಮೂವರೂ ನೋಡಿದ್ದು ಅದೇ ಹದಿನೈದು ನಿಮಿಷವನ್ನು!

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ತಾಲ್ಲೂಕು ಮಟ್ಟದ ಕಬಡ್ಡಿ, ಜಿಲ್ಲಾ ಮಟ್ಟದ ಕುಸ್ತಿ, ಅಂಪೈರುಗಳನ್ನು ರೂಮಿನೊಳಗೆ ಕೂಡಿಹಾಕಿದ ಸಂಜೆಗಳು ಎಲ್ಲವೂ ಕಣ್ಮುಂದೆ ಹಾದುಹೋದಂತಿತ್ತು.

"ಹಂಗಾದ್ರೆ ಆಟಾನೇ ಬಿಡಪ್ಪ" ಎಂದರು. "ನಮ್ಮ ರೆಫರಿಗಳು ಅಲ್ಲಿಗೂ ಹೋಗಿದಾರೆ."