ಬಂದರಿನ ಹೊಸ ವಲಸಿಗ

ಮಿನ್ನೆಸೋಟದಲ್ಲಿರುವ ನನ್ನ ಅಕ್ಕನ ಮಗನಿಗೆ ಮೀನು ಹಿಡಿಯುವ ಹುಚ್ಚು. ಅಲ್ಲಿ ಗಾಳ ಹಾಕುವುದಕ್ಕೂ ಪಂದ್ಯಗಳಿವೆ, ಬಹುಮಾನಗಳಿವೆ. ಮೊನ್ನೆ ಫೋನಿನಲ್ಲಿ "ಮಾವ, ಮೀನು ಹಿಡಿದದ್ದಕ್ಕಿಂತ ದೋಣಿ ತೊಳೆದದ್ದೇ ಹೆಚ್ಚು" ಅಂತ ನಗಾಡಿದ. ದೊಡ್ಡ ಪಂದ್ಯ ನಡೆಸಲು ಅಲ್ಲಿ ಸರಕಾರದ ಪರ್ಮಿಟ್ ಬೇಕು. ಭಾಗವಹಿಸುವವರಿಗೆ ನಿಯಮಗಳೂ ಇವೆ. ದೋಣಿ ಮೇಲೆತ್ತಿದ ಕೂಡಲೇ ತಳದ ಬೂಚು ಕಿತ್ತು ನೀರು ಪೂರ್ತಿ ಹರಿಸಬೇಕು, ಆ ಬೂಚು ತೆಗೆದಿಟ್ಟೇ ರಸ್ತೆಗೆ ಇಳಿಯಬೇಕು, ಅಂಟಿದ ಕಳೆ ಕೀಳಬೇಕು, ಉಳಿದ ಎರೆಯನ್ನು ಕೆರೆಗೆ ಎಸೆಯದೆ ಕಸದ ಡಬ್ಬಿಗೆ ಹಾಕಬೇಕು.

ಇಷ್ಟೆಲ್ಲ ಮಡಿ ಯಾಕೆ ಅಂತೀರಾ? ಒಂದು ಚಿಪ್ಪುಜೀವಿಗಾಗಿ. ನಮ್ಮ ಕರಾವಳಿಯವರಿಗೆ ಪಚ್ಚಿಲೆ ಗೊತ್ತಲ್ಲ, ಅದರ ದೂರದ ನೆಂಟನಂತೆ ಕಾಣುವ, ಮೈಮೇಲೆ ಪಟ್ಟೆಗಳಿರುವ, ಉಗುರಿನಷ್ಟು ಗಾತ್ರದ ಜೀಬ್ರಾ ಮಸಲ್. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಈ ಪ್ರಾಣಿ 1988ರಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳ ಬಳಿ ಪತ್ತೆಯಾಯಿತು. ಹಡಗುಗಳು ತೂಕಕ್ಕೆಂದು ಹೊಟ್ಟೆಯಲ್ಲಿ ತುಂಬಿಕೊಂಡು ಬರುವ ಬ್ಯಾಲಸ್ಟ್ ನೀರಿನಲ್ಲಿ ಬಂತು ಅನ್ನುತ್ತಾರೆ. ಅದರ ಮರಿಗಳು ಬರಿಗಣ್ಣಿಗೆ ಕಾಣವು. ದೋಣಿಯ ತಳದಲ್ಲಿ ಉಳಿದ ಒಂದು ಲೋಟ ನೀರು ಸಾಕು, ಇನ್ನೊಂದು ಕೆರೆಗೆ ಸಂಸಾರ ಹೂಡಲು.

ಅದು ಅಮೆರಿಕದ ತಲೆನೋವು, ನಮಗೇನು ಅಂದುಕೊಳ್ಳಬೇಡಿ. ನಮ್ಮ ಮುಂಬಯಿಯಲ್ಲೂ ಇಂಥದೇ ಒಂದು ಗಿರಾಕಿ ಇದೆ. ಮೈಟಿಲಾಪ್ಸಿಸ್ ಸ್ಯಾಲೀ ಅಂತ ಅದರ ಹೆಸರು, ಕೆರಿಬಿಯನ್ ಕಡೆಯದು. 1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಂಡಿತು. ಆಮೇಲೆ ಮುಂಬಯಿಯಲ್ಲೂ ಸಿಕ್ಕಿತು. ಹಡಗಿನ ತಳ, ಧಕ್ಕೆಯ ಗೋಡೆ, ನೀರಿನ ಪೈಪು ಎಲ್ಲಿ ಜಾಗ ಸಿಕ್ಕರೂ ನಾರಿನಂಥ ಎಳೆಗಳಿಂದ ಅಂಟಿಕೊಂಡು ಗೊಂಚಲು ಕಟ್ಟುತ್ತದೆ. ಉಪ್ಪುನೀರು, ಸಪ್ಪೆನೀರು, ಗಟಾರದ ಕೊಳಕು, ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ಒಂದು ತಿಂಗಳಲ್ಲೇ ವಯಸ್ಸಿಗೆ ಬರುತ್ತದೆ!

1975ರಲ್ಲಿ ಕರಂದೆ ಮತ್ತು ಮೆನನ್ ಎಂಬ ಇಬ್ಬರು ವಿಜ್ಞಾನಿಗಳು ಇದರ ಬಗ್ಗೆ ಬರೆದ ಪ್ರಬಂಧದ ತಲೆಬರಹದಲ್ಲೇ ಇದನ್ನು ಭಾರತದ ಬಂದರುಗಳ ಹೊಸ ವಲಸಿಗ ಎಂದು ಕರೆದಿದ್ದಾರೆ. ಓದಿ ಒಂದು ಥರ ಆಯಿತು. ನಾನು ಒಂದು ಟ್ರಂಕು ಹಿಡಿದು ಈ ಊರಿಗೆ ಬಂದದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಇಲ್ಲಿನ ದಕ್ಷಿಣದವರು, ಅದರಲ್ಲೂ ನಮ್ಮ ಹೋಟೆಲಿನವರು, 'ಹೊರಗಿನವರು' ಎಂಬ ಮಾತನ್ನು ಎಷ್ಟು ಕೇಳಿದ್ದಾರೆ ಅಂತ ಹಳಬರಿಗೆ ನೆನಪಿದ್ದೀತು. ಹಾಗಾಗಿ ಚಿಪ್ಪಿಗೇ ಆದರೂ ಆ ಪದ ಅಂಟಿಸಿದರೆ ನನಗೆ ಕಸಿವಿಸಿ.

ಆದರೆ ಹೋಲಿಕೆಯನ್ನು ಅಲ್ಲಿಗೇ ಬಿಡಬೇಕು. ನಾನು ಟಿಕೆಟ್ ತಗೊಂಡು ಬಂದವನು. ಆ ಮಸಲ್ ಬರುತ್ತೇನೆ ಅಂತ ಹೊರಟದ್ದಲ್ಲ, ಯಾರದೋ ಹಡಗು ಹೊತ್ತು ತಂದದ್ದು. ಮಿನ್ನೆಸೋಟದ ನಿಯಮ ನನಗೆ ಹಿಡಿಸಿದ್ದೂ ಅದಕ್ಕೇ. ಅದು ಪ್ರಾಣಿಯನ್ನು ಬೈಯುವುದಿಲ್ಲ, ದೋಣಿಯ ಯಜಮಾನನನ್ನು ಹಿಡಿದು ಕೇಳುತ್ತದೆ.

ಕೇರಳದ ಅಷ್ಟಮುಡಿಯನ್ನು ನೋಡಿ. ಕೊಲ್ಲಂ ಪಕ್ಕದ ಈ ಹಿನ್ನೀರಿನಲ್ಲಿ ಚಿಪ್ಪು ಹೆಕ್ಕಿ ಬದುಕುವ ಸಂಸಾರಗಳು ಬಹಳ. ಅಲ್ಲಿನ ಮರುವಾಯಿ ಮೀನುಗಾರಿಕೆಗೆ 2014ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ಕಿತ್ತು. ಈಗ ಅದೇ ಹಿನ್ನೀರಿಗೆ ದಕ್ಷಿಣ ಅಮೆರಿಕದ ಚಾರು ಮಸಲ್ ನುಗ್ಗಿ, ಹಸಿರು ಪಚ್ಚಿಲೆ ಮತ್ತು ಸಿಂಪಿಗಳು ಕೂರುತ್ತಿದ್ದ ಜಾಗವನ್ನು ಹಿಡಿದುಕೊಂಡಿದೆ. ನಷ್ಟ ಕಟ್ಟಿಕೊಳ್ಳುವವರು ಹಡಗಿನವರಲ್ಲ, ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಕ್ಕುವವರು. ನಮ್ಮ ಮೀನುಪೇಟೆಯ ಕೋಳಿ ಹೆಂಗಸರು ಬುಟ್ಟಿಯಲ್ಲಿ ತಿಸರ್‍ಯಾ ಇಟ್ಟು ಕರೆಯುವಾಗ ಈಗ ನನಗೆ ಅಷ್ಟಮುಡಿ ನೆನಪಾಗುತ್ತದೆ.

ಬಂದದ್ದನ್ನು ಓಡಿಸಲು ಆಗುತ್ತದೆಯೇ? ಒಂದು ಕಡೆ ಆಗಿದೆ. ಮುಂಬಯಿಯಲ್ಲಿರುವ ಇದೇ ಮಸಲ್ 1999ರ ಮಾರ್ಚಿನಲ್ಲಿ ಆಸ್ಟ್ರೇಲಿಯದ ಡಾರ್ವಿನ್ನಿನಲ್ಲಿ, ವಿಹಾರದೋಣಿ ನಿಲ್ಲಿಸುವ ಕಟ್ಟೆಗಳಲ್ಲಿ ಕಂಡಿತು. ಅವುಗಳಿಗೆ ಗೇಟುಗಳಿದ್ದವು. ಮುಚ್ಚಿ, ನೀರಿಗೆ ಕ್ಲೋರಿನ್, ಮೈಲುತುತ್ತ ಸುರಿದು, ಮೀನು ಏಡಿ ಎಲ್ಲವನ್ನೂ ಬಲಿಕೊಟ್ಟು ಕೆಲವೇ ವಾರಗಳಲ್ಲಿ ನಿರ್ಮೂಲ ಮಾಡಿದರು. ಖರ್ಚು 20 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. ಭಾವುಚಾ ಧಕ್ಕಾದಿಂದ ಎಲಿಫೆಂಟಾವರೆಗೆ ಹರಡಿದ ನಮ್ಮ ಬಂದರಿಗೆ ಎಲ್ಲಿಯ ಗೇಟು ಹಾಕುತ್ತೀರಿ?

ಉಳಿದದ್ದು ಇನ್ನೊಂದು ಬಾರದಂತೆ ಕಾಯುವುದು. ಅದಕ್ಕಾಗಿ ಬ್ಯಾಲಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಯಿತು, ಜಾರಿಯಾದದ್ದು 2017ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ನಡೆದ ಒಂದು ಜಾಗತಿಕ ಯೋಜನೆಗೆ ಆರಿಸಿದ ಆರು ಬಂದರುಗಳಲ್ಲಿ ಮುಂಬಯಿಯೂ ಇತ್ತು. ದೊಡ್ಡ ಹಡಗುಗಳ ಮಾತು ಹಾಗಾಯಿತು. ಸಣ್ಣ ದೋಣಿಗಳದ್ದು?

ಪವಾಯಿ ಕೆರೆಯ ದಡದಲ್ಲಿ ಗಾಳದ ಹವ್ಯಾಸಿಗಳ ಹಳೇ ಸಂಘವೊಂದಿದೆ. ಬಂದರಿಗೂ ಈ ಕೆರೆಗೂ ನಡುವೆ ಟೆಂಪೋದಲ್ಲಿ ಒಂದೆರಡು ತಾಸಿನ ದಾರಿ. ದೋಣಿ ಒಣಗಿಸಿ, ಬಲೆ-ಬಕೆಟ್ಟು ತೊಳೆದು ತನ್ನಿ ಅಂತ ಇಂಥ ಕೆರೆಗಳ ಗಾಳದ ಪರ್ಮಿಟುಗಳ ಮೇಲೆ ಎರಡು ಸಾಲು ಅಚ್ಚು ಹಾಕಲು ಎಷ್ಟು ಖರ್ಚಾದೀತು? ತೊಳೆಯುವುದನ್ನು ಮಾತ್ರ ಕೆರೆಗೆ ಇಳಿದು ಮಾಡಬೇಡಿ. ಮಸಲಿನ ಭಯಕ್ಕಷ್ಟೇ ಅಲ್ಲ, ಪವಾಯಿಯಲ್ಲಿ ಮೊಸಳೆಗಳಿವೆ.